ಎಳೆಯರ ಪುಸ್ತಕಕ್ಕೆ ಪುಟದ ಅಳತೆಗೋಲು ಸಲ್ಲದು

ನಾಲ್ಕೈದು ವರ್ಷದ ಮಗುವಿಗೆ ಪುಸ್ತಕ ಕೊಳ್ಳಲು ಹೊರಟ ಮಧ್ಯಮ ವರ್ಗದ ಪಾಲಕರು ಅಂಗಡಿಯಲ್ಲಿ ಮೊದಲು ನೋಡುವುದು ಬೆಲೆಯನ್ನು. ಆನಂತರ ಪುಟಗಳ ಸಂಖ್ಯೆಯನ್ನು. ಒಟ್ಟು 24 ಪುಟ, ಪುಟಕ್ಕೊಂದು ಸಾಲು, ಉಳಿದದ್ದೆಲ್ಲ ಚಿತ್ರ. ಐದು ನಿಮಿಷದಲ್ಲಿ ಮುಗಿದುಹೋಗುವ ಪುಸ್ತಕಕ್ಕೆ ಇಷ್ಟೊಂದು ಹಣವೇ ಎಂದು ಅದನ್ನು ಕಪಾಟಿಗೆ ಮರಳಿಸಿ, ನೂರು ನೀತಿಕಥೆಗಳ ದಪ್ಪ ಸಂಪುಟವನ್ನೋ, ಹಣ್ಣು, ತರಕಾರಿ, ವಾಹನಗಳನ್ನು ಚೌಕಗಳಲ್ಲಿ ಜೋಡಿಸಿದ ಅಕ್ಷರಮಾಲೆಯನ್ನೋ ಮನೆಗೆ ತರುತ್ತಾರೆ. ಕೊಟ್ಟ ಹಣಕ್ಕೆ ತಕ್ಕ ತೂಕ ದೊರೆಯಿತೆಂಬ ಸಮಾಧಾನ ಅವರದು. ಸಾರ್ವಜನಿಕ ಹಣದಲ್ಲಿ ಪುಸ್ತಕ ಕೊಳ್ಳುವ ನಮ್ಮ ವ್ಯವಸ್ಥೆಯ ತರ್ಕವೂ ಇದಕ್ಕಿಂತ ಭಿನ್ನವಾಗಿಲ್ಲ ಎಂಬುದು ಹೆಚ್ಚಿನ ಚಿಂತೆಯ ವಿಷಯ.

ಚಿತ್ರಪುಸ್ತಕವೆಂದರೆ ಚಿತ್ರಗಳಿರುವ ಕಥೆಪುಸ್ತಕ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಪ್ರಕಟಿಸಿದ ‘ರೋಸೀಸ್ ವಾಕ್’ ಪುಸ್ತಕದಲ್ಲಿರುವುದು ಕೇವಲ 32 ಪದಗಳು, ಅದೂ ಒಂದೇ ವಾಕ್ಯ. ರೋಸಿ ಎಂಬ ಹೇಂಟೆ ತೋಟದಲ್ಲೊಂದು ಸುತ್ತು ಹೋಗಿ ಊಟದ ಹೊತ್ತಿಗೆ ಗೂಡಿಗೆ ಮರಳುತ್ತದೆ. ಬರಹ ಹೇಳುವುದು ಇಷ್ಟನ್ನೇ. ಆದರೆ ಚಿತ್ರದಲ್ಲಿ ಆ ಹೇಂಟೆಯ ಬೆನ್ನ ಹಿಂದೆ ಒಂದು ನರಿ ಹೊಂಚುತ್ತ ಬರುತ್ತಿದೆ. ಪ್ರತಿ ಬಾರಿ ನೆಗೆದಾಗಲೂ ಅದಕ್ಕೊಂದು ಫಜೀತಿ: ಕೊಳಕ್ಕೆ ಬೀಳುತ್ತದೆ, ಹುಲ್ಲಿನ ಬಣವೆಯಲ್ಲಿ ಹೂತುಹೋಗುತ್ತದೆ, ಮೈತುಂಬ ಹಿಟ್ಟು ಸುರಿಸಿಕೊಳ್ಳುತ್ತದೆ, ಕೊನೆಗೆ ಜೇನುಹುಳುಗಳು ಅದನ್ನು ಅಟ್ಟಿಸಿಕೊಂಡು ಹೋಗುತ್ತವೆ. ಬರಹದಲ್ಲಿ ನರಿಯ ಹೆಸರೇ ಇಲ್ಲ. ಓದಿ ಹೇಳುವ ಹಿರಿಯರ ದನಿಯಲ್ಲಿ ಇಲ್ಲದ ಸಂಗತಿಯನ್ನು ಅಕ್ಷರ ಬಾರದ ಮಗು ಕಂಡುಹಿಡಿದು, ‘ನರಿ, ನರಿ’ ಎಂದು ಕೂಗುತ್ತದೆ. ಹೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಅಂತರವನ್ನು ಮಗು ತಾನೇ ತುಂಬಿಕೊಳ್ಳುವ ಈ ಕ್ರಿಯೆಯೇ ಓದಿನ ಮೊದಲ ಪಾಠ. ಅಂಥ ಪುಸ್ತಕ ಐದು ನಿಮಿಷದಲ್ಲಿ ಮುಗಿಯುವುದೂ ಇಲ್ಲ; ‘ಇನ್ನೊಂದು ಸಲ’ ಎಂಬ ಹಟಕ್ಕೆ ಸಿಲುಕಿದ ಅಜ್ಜ ಅಜ್ಜಿಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇನ್ನು ಸರ್ಕಾರದ ಖರೀದಿಯ ವಿಚಾರ. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ನಡೆಯುವ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆಯನ್ನು ಪುಟಕ್ಕೆ ಇಷ್ಟೆಂಬ ದರದಲ್ಲಿ ನಿಗದಿ ಮಾಡುವ ಪದ್ಧತಿ ಬೇರೂರಿದೆ. ಕಾದಂಬರಿ, ವಿಮರ್ಶೆಗಳಿಗೆ ಇದು ಹೇಗೋ ಹೊಂದಿಕೊಳ್ಳಬಹುದು. ಚಿತ್ರಪುಸ್ತಕಕ್ಕೆ ಇದು ಮಾರಕ. ಬಣ್ಣದ ಪುಟಕ್ಕೆ ಬೇರೆ ದರ ಕೊಟ್ಟರೂ ಅಳತೆಗೋಲು ಪುಟವೇ ಆಗಿರುತ್ತದೆ. ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳುವಿನ ಪುಸ್ತಕ 1969ರಲ್ಲಿ ಬಂದದ್ದು. ಅದರಲ್ಲಿ ಪುಟಗಳ ಅಗಲ ಒಂದೇ ಸಮನಾಗಿಲ್ಲ. ಸೋಮವಾರ ಹುಳು ಒಂದು ಸೇಬನ್ನು ತಿಂದರೆ ಆ ಪುಟ ಕಿರಿದು, ಮಂಗಳವಾರ ಎರಡು ಪೇರುಹಣ್ಣು ತಿಂದರೆ ಪುಟ ಇನ್ನಷ್ಟು ಅಗಲ; ಹುಳು ಕೊರೆದ ಜಾಗದಲ್ಲಿ ನಿಜವಾದ ತೂತು. ಅಮೆರಿಕದಲ್ಲಿ ಅದನ್ನು ಕೈಗೆಟಕುವ ವೆಚ್ಚದಲ್ಲಿ ಮುದ್ರಿಸುವವರು ಸಿಗದೆ ಜಪಾನಿನಲ್ಲಿ ಮುದ್ರಿಸಬೇಕಾಯಿತು. ನಮ್ಮ ಲೆಕ್ಕಪತ್ರ ಶಾಖೆ ಅರ್ಧ ಅಗಲದ ಪುಟಕ್ಕೆ ಅರ್ಧ ದರ ಹಾಕಿ, ತೂತುಗಳ ಬಾಬ್ತು ಕಡಿತ ಮಾಡಿ ಬಿಲ್ಲು ಪಾಸು ಮಾಡುತ್ತಿತ್ತೋ ಏನೋ!

ವಿನೋದ ಬದಿಗಿರಲಿ. ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಚಿತ್ರಪುಸ್ತಕದ ವೆಚ್ಚದಲ್ಲಿ ಸಿಂಹಪಾಲು ಮೊದಲ ಪ್ರತಿ ಹೊರಬರುವ ಮುನ್ನವೇ ಆಗಿಹೋಗುತ್ತದೆ. ಕಲಾವಿದರ ತಿಂಗಳುಗಟ್ಟಲೆ ದುಡಿಮೆ, ವಿನ್ಯಾಸ, ಬಣ್ಣಗಳ ವಿಂಗಡಣೆ ಇವೆಲ್ಲ ಸ್ಥಿರ ವೆಚ್ಚ. ಸಾವಿರ ಪ್ರತಿಗಾದರೂ ಅಷ್ಟೇ, ಲಕ್ಷ ಪ್ರತಿಗಾದರೂ ಅಷ್ಟೇ. ಆದ್ದರಿಂದ ಕಡಿಮೆ ಪ್ರತಿಗಳ ಕನ್ನಡ ಪುಸ್ತಕ ದುಬಾರಿಯಾಗುತ್ತದೆ, ದುಬಾರಿಯಾದ್ದರಿಂದ ಮಾರಾಟವಾಗುವುದಿಲ್ಲ, ಮಾರಾಟವಾಗದ್ದರಿಂದ ಪ್ರಕಾಶಕರು ಮುದ್ರಿಸುವುದಿಲ್ಲ. ಈ ವಿಷವರ್ತುಲಕ್ಕೆ ಮುದ್ರಣ ಕ್ಷೇತ್ರವೇ ಒಂದು ಪರಿಹಾರ ಕಂಡುಕೊಂಡಿದೆ. ಬಣ್ಣದ ಮುದ್ರಣಕ್ಕೆ ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಎಂಬ ನಾಲ್ಕು ಫಲಕಗಳು ಬೇಕು. ಬರಹವೆಲ್ಲ ಕಪ್ಪು ಫಲಕದಲ್ಲಿ ಮಾತ್ರ ಬರುವಂತೆ ನೋಡಿಕೊಂಡರೆ, ಅದೊಂದನ್ನು ಬದಲಿಸಿ ಅದೇ ಚಿತ್ರಗಳ ಮೇಲೆ ಕನ್ನಡ, ತೆಲುಗು, ತಮಿಳು ಆವೃತ್ತಿಗಳನ್ನು ಒಂದರ ಹಿಂದೊಂದು ತೆಗೆಯಬಹುದು. ಸ್ಥಿರ ವೆಚ್ಚ ಹಲವು ಭಾಷೆಗಳಿಗೆ ಹಂಚಿಹೋಗುತ್ತದೆ. ಹಲವು ಭಾಷೆಗಳಲ್ಲಿ ಒಂದೇ ಪುಸ್ತಕವನ್ನು ತರುವ ಪ್ರಕಾಶನ ಸಂಸ್ಥೆಗಳು ನಡೆದ ಹಾದಿ ಇದು.

1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಮೂಲಕ ಅಗ್ಗದ ಬೆಲೆಗೆ ಒಳ್ಳೆಯ ಚಿತ್ರಗಳನ್ನು ಕೊಟ್ಟಿತು. ಮಿಕ್ಕಿ ಪಟೇಲ್ ಬರೆದು ಚಿತ್ರಿಸಿದ, ತನ್ನ ಬೂದುಬಣ್ಣವೇ ಬೇಸರವಾದ ರೂಪಾ ಎಂಬ ಆನೆಯ ಕಥೆ ಇಂದಿಗೂ ಮಾಸಿಲ್ಲ. ಚೆನ್ನೈನ ತೂಲಿಕಾ ಪ್ರಕಾಶನದ ಪುಸ್ತಕಗಳು ಕನ್ನಡದಲ್ಲಿಯೂ, ಕನ್ನಡ ಮತ್ತು ಇಂಗ್ಲಿಷ್ ಒಟ್ಟಿಗಿರುವ ದ್ವಿಭಾಷಾ ರೂಪದಲ್ಲಿಯೂ ದೊರೆಯುತ್ತವೆ. ಅಶೋಕ್ ರಾಜಗೋಪಾಲನ್ ಅವರ ‘ಗಜಪತಿ ಕುಲಪತಿ’ಯಲ್ಲಿ ನೆಗಡಿ ಹಿಡಿದ ಆನೆ ಸೀನುತ್ತದೆ, ಸೀನಿನ ಸದ್ದನ್ನು ಮನೆಮಂದಿಯೆಲ್ಲ ಸೇರಿ ಮಾಡಬೇಕು, ಇಲ್ಲದಿದ್ದರೆ ಮಗು ಬಿಡದು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಪ್ರಕಟಿಸಿದ ಶೃಂಗೇರಿ ಶ್ರೀನಿವಾಸನ ಕಥೆಯೂ ಹಾಗೆಯೇ. ಉದ್ದ ಕೂದಲಿನ ಆ ರೈತನ ವಾರ್ಷಿಕ ಕ್ಷೌರಕ್ಕೆ ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇವುಗಳಲ್ಲಿ ನೀತಿಯ ಉಪದೇಶವಿಲ್ಲವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಮಗುವಿಗೆ ದಿನವಿಡೀ ಉಪದೇಶ ಮಾಡಲು ನಾವಿರುವಾಗ ಪುಸ್ತಕವಾದರೂ ಅದನ್ನು ಸುಮ್ಮನೆ ಬಿಡಲಿ ಎಂದು ನನ್ನ ಅಭಿಪ್ರಾಯ.

ಕೊಳ್ಳುವ ಶಕ್ತಿ ಇರುವವರ ಮಾತಾಯಿತು. ನಿಜವಾದ ಪ್ರಶ್ನೆ ಇರುವುದು ಅಂಗನವಾಡಿಯಲ್ಲಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಮೊದಲ ದಿನದಿಂದಲೂ ಒಂದು. ಐವತ್ತು ವರ್ಷಗಳ ನಂತರ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಕೇಂದ್ರಗಳಿವೆ. ನಗರದ ಖಾಸಗಿ ಶಿಶುವಿಹಾರದ ಮಗು ಕಂಬಳಿಹುಳುವಿನ ತೂತಿನೊಳಗೆ ಬೆರಳು ತೂರಿಸುವ ವಯಸ್ಸಿನಲ್ಲಿ ಅಂಗನವಾಡಿಯ ಮಗು ಗೋಡೆಯ ಮೇಲಿನ ಪಟವನ್ನು ದೂರದಿಂದ ನೋಡುತ್ತ ಕುಳಿತಿರುತ್ತದೆ. ಒಂದನೇ ತರಗತಿಗೆ ಇಬ್ಬರೂ ಬಂದಾಗ ಒಬ್ಬರಿಗೆ ಪುಸ್ತಕವು ಪರಿಚಿತ ವಸ್ತು, ಇನ್ನೊಬ್ಬರಿಗೆ ಹೆದರಿಕೆಯ ವಸ್ತು. ಆನಂತರದ ಕಲಿಕೆಯ ಅಂತರವನ್ನು ಕಂಡು ನಾವು ಶಿಕ್ಷಕರನ್ನು ದೂರುತ್ತೇವೆ.

ಅಂಗನವಾಡಿಗೆ ಪುಸ್ತಕಗಳು ಬರುವುದೇ ಇಲ್ಲವೆಂದಲ್ಲ. ಸೇವೆಯಲ್ಲಿದ್ದಾಗ ತಪಾಸಣೆಗೆ ಹೋದ ಎಷ್ಟೋ ಕಡೆ ಅವು ಕಬ್ಬಿಣದ ಪೆಟ್ಟಿಗೆಯಲ್ಲಿ ಹೊಚ್ಚ ಹೊಸದಾಗಿ ಮಲಗಿರುವುದನ್ನು ಕಂಡಿದ್ದೇನೆ. ಇದರಲ್ಲಿ ಕಾರ್ಯಕರ್ತೆಯರ ತಪ್ಪು ಕಡಿಮೆ. ದಾಸ್ತಾನು ವಹಿಯಲ್ಲಿ ಪುಸ್ತಕವು ಕುರ್ಚಿ, ತಕ್ಕಡಿಗಳ ಸಾಲಿನಲ್ಲಿ ನಮೂದಾಗಿರುತ್ತದೆ. ಹರಿದರೆ ಸಮಜಾಯಿಷಿ ಕೊಡಬೇಕು, ಕಳೆದರೆ ಗೌರವಧನದಿಂದ ವಸೂಲಾದೀತೆಂಬ ಭಯ. ಅದೇ ವಹಿಯ ಇನ್ನೊಂದು ಭಾಗದಲ್ಲಿ ಮೊಟ್ಟೆ, ಹಾಲಿನ ಪುಡಿಗಳ ಲೆಕ್ಕವಿದೆ. ಮಕ್ಕಳು ತಿಂದ ಮೊಟ್ಟೆಯನ್ನು ತಪಾಸಣೆಗೆ ಹಾಜರುಪಡಿಸಿ ಎಂದು ಯಾವ ಅಧಿಕಾರಿಯೂ ಕೇಳುವುದಿಲ್ಲ. ಮೊಟ್ಟೆ ಉಳಿದರೆ ಆಕ್ಷೇಪಣೆ, ಪುಸ್ತಕ ಸವೆದರೆ ಆಕ್ಷೇಪಣೆ!

ಗ್ರಂಥಾಲಯಗಳ ವಿಷಯದಲ್ಲಿ ಕೇಂದ್ರ ಸರ್ಕಾರ ಇಷ್ಟು ಬಿಗಿಯಾಗಿಲ್ಲ. ಅದರ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮ, ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ 1000 ಸಂಪುಟಗಳಿಗೆ 5 ಸಂಪುಟಗಳ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಸಹಜವೆಂದು ಒಪ್ಪುತ್ತದೆ. ವಯಸ್ಕರಿಗೇ ಇಷ್ಟು ರಿಯಾಯಿತಿ ಇರುವಾಗ ಮೂರು ವರ್ಷದ ಮಗುವಿಗೆ ಅದಕ್ಕಿಂತ ಬಹಳ ಹೆಚ್ಚು ಸಲ್ಲಬೇಕು. ಅಂಗನವಾಡಿಯ ಚಿತ್ರಪುಸ್ತಕವನ್ನು ಶಾಶ್ವತ ಆಸ್ತಿಯ ಪಟ್ಟಿಯಿಂದ ತೆಗೆದು, ಬಳಸಿ ಸವೆಸಬೇಕಾದ ಸಾಮಗ್ರಿಯ ಪಟ್ಟಿಗೆ ಸೇರಿಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ; ಒಂದು ಸುತ್ತೋಲೆ ಸಾಕು.

ಹಣದ ಕೊರತೆಯ ಮಾತು ಬರಬಹುದು. ಒಂದು ಪ್ರತಿಗೆ 50 ರೂಪಾಯಿ ಎಂದಿಟ್ಟುಕೊಂಡು, ಕೇಂದ್ರವೊಂದಕ್ಕೆ 20 ಪುಸ್ತಕ ಕೊಟ್ಟರೆ ತಗಲುವುದು 1000 ರೂಪಾಯಿ. 65 ಸಾವಿರ ಕೇಂದ್ರಗಳಿಗೆ ಆರೂವರೆ ಕೋಟಿ. ಪ್ರತಿ ವರ್ಷ ಅರ್ಧದಷ್ಟು ಹರಿದುಹೋದರೂ ಬದಲಿಗೆ ಬೇಕಾದದ್ದು ಮೂರೂಕಾಲು ಕೋಟಿ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿರುವ ಪುಸ್ತಕಗಳಿಗೆ ಮುಕ್ತ ಪರವಾನಗಿ ಇದೆ. ಕರ್ತೃಗಳ ಹೆಸರು ನಮೂದಿಸಿ ಯಾರು ಬೇಕಾದರೂ, ಸರ್ಕಾರವೂ, ಮುದ್ರಿಸಬಹುದು. ಆದರೆ ಅಲ್ಲಿನ ಅನುವಾದಗಳ ಕನ್ನಡ ಎಲ್ಲವೂ ಒಂದೇ ಮಟ್ಟದ್ದಲ್ಲ. ಕೆಲವು ಕಡೆ ವಾಕ್ಯಗಳು ಬಾಯಲ್ಲಿ ಹೊರಳುವುದಿಲ್ಲ. ಮಕ್ಕಳಿಗೆ ಬರೆದು ಪಳಗಿದ ನಾಲ್ಕಾರು ಮಂದಿಯಿಂದ ಗಟ್ಟಿಯಾಗಿ ಓದಿಸಿ ತಿದ್ದಿಸದೆ ಮುದ್ರಣಕ್ಕೆ ಕಳಿಸಬಾರದು. ಕಲಬುರಗಿಯ ಕಾರ್ಯಕರ್ತೆ ಅದನ್ನು ತನ್ನ ಮಾತಿನಲ್ಲಿಯೇ ಹೇಳಲು ಅನುಮತಿ ಬೇಕಿಲ್ಲ ಎಂಬುದನ್ನೂ ತರಬೇತಿಯಲ್ಲಿ ಸ್ಪಷ್ಟಪಡಿಸಬೇಕು. ಅಕ್ಷರ ಬಾರದ ಅಜ್ಜಿಯೂ ಚಿತ್ರ ನೋಡಿ ಕಥೆ ಹೇಳಬಲ್ಲಳಾದ್ದರಿಂದ, ಶನಿವಾರ ಒಂದು ಪುಸ್ತಕ ಮನೆಗೆ ಹೋಗಿ ಸೋಮವಾರ ಮರಳುವ ವ್ಯವಸ್ಥೆಯೂ ಇರಲಿ.

ಉಳಿದದ್ದು ಆಯ್ಕೆಯ ಪ್ರಶ್ನೆ. ಪುಟದ ದರವನ್ನು ಕೈಬಿಟ್ಟು ಪ್ರತಿಯ ದರಕ್ಕೆ ಬಂದರೆ ಸ್ವಜನಪಕ್ಷಪಾತಕ್ಕೆ ಬಾಗಿಲು ತೆರೆದಂತೆ ಎಂದು ಆರ್ಥಿಕ ಇಲಾಖೆ ಹೇಳದೆ ಇರದು. ಆ ಆತಂಕ ನಿರಾಧಾರವೂ ಅಲ್ಲ. ಪುಟದ ದರ ಚಾಲ್ತಿಗೆ ಬಂದುದರ ಸಮರ್ಥನೆಯೂ ಅದೇ: ಪುಟವನ್ನು ಯಾರು ಎಣಿಸಿದರೂ ಅಷ್ಟೇ ಬರುತ್ತದೆ. ಆದರೆ ಎಣಿಸಬಹುದಾದ ಇನ್ನೊಂದು ಸಂಗತಿ ನಮ್ಮಲ್ಲಿದೆ. ಮೊದಲ ವರ್ಷ 40 ಶೀರ್ಷಿಕೆಗಳನ್ನು ಆರಿಸಿ, ಕೇಂದ್ರಕ್ಕೆ ಇಪ್ಪತ್ತರಂತೆ ಅದಲುಬದಲು ಮಾಡಿ ಹಂಚಲಿ. ವರ್ಷದ ಕೊನೆಗೆ ಪ್ರತಿ ಕಾರ್ಯಕರ್ತೆಯೂ ಯಾವ ಪುಸ್ತಕ ಎಷ್ಟು ಸವೆದಿದೆ, ಯಾವುದು ಹರಿದಿದೆ, ಯಾವುದರ ಹೊಳಪು ಹಾಗೆಯೇ ಉಳಿದಿದೆ ಎಂದು ಒಂದು ಪುಟದ ನಮೂನೆಯಲ್ಲಿ ತುಂಬಿ ಕಳಿಸಲಿ. ಹೆಚ್ಚು ಹರಿದ ಪುಸ್ತಕಗಳನ್ನು ಮತ್ತೆ ಕೊಳ್ಳಲಿ. ಹೊಳಪು ಉಳಿಸಿಕೊಂಡವುಗಳ ಜಾಗಕ್ಕೆ ಬೇರೆಯವನ್ನು ತರಲಿ.