ಸೈಕಲ್ಲಿನ ಅಳತೆಗೊಂದು ಚೀಲ

ಸೈಕಲ್ ತುಳಿಯುತ್ತ ಶಾಲೆಗೆ ಹೋಗುವ ಮಕ್ಕಳನ್ನು ನೀವು ಗಮನಿಸಿರಬಹುದು. ಬೆನ್ನ ಮೇಲೆ ಪುಸ್ತಕದ ಹೊರೆ, ಹ್ಯಾಂಡಲ್ಲಿಗೆ ನೇತುಹಾಕಿದ ಊಟದ ಡಬ್ಬಿ. ಭಾರ ಹೊರಲು ಇವೆರಡೂ ಒಳ್ಳೆಯ ಜಾಗಗಳಲ್ಲ. ಬೆನ್ನಿನ ಹೊರೆಯಿಂದ ಭಾರಕೇಂದ್ರ ಮೇಲಕ್ಕೇರಿ, ತಿರುವಿನಲ್ಲಿ ಸಮತೋಲ ಕಾಯುವುದು ಕಷ್ಟವಾಗುತ್ತದೆ. ಹ್ಯಾಂಡಲ್ಲಿನ ಚೀಲ ತೂಗಾಡಿ ಮುಂಚಕ್ರದ ದಿಕ್ಕನ್ನೇ ಅಲುಗಿಸುತ್ತದೆ. ಕಡ್ಡಿಗಳಿಗೆ ಸಿಕ್ಕಿಕೊಂಡರೆ ಅಪಾಯ. 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಶೇ. 10ನ್ನು ಮೀರಬಾರದು. 40 ಕಿಲೋ ತೂಗುವ ವಿದ್ಯಾರ್ಥಿಗೆ 4 ಕಿಲೋ ಮಾತ್ರ.

ಹಾಗಾದರೆ ಭಾರವನ್ನು ಎಲ್ಲಿಡುವುದು? ಸೈಕಲ್ಲಿನ ಚೌಕಟ್ಟಿನೊಳಗೇ ಒಂದು ಖಾಲಿ ಜಾಗವಿದೆ. ಸವಾರನ ಮೊಣಕಾಲುಗಳ ನಡುವೆ, ಎರಡು ಚಕ್ರಗಳ ಮಧ್ಯದಲ್ಲಿ. ಇಲ್ಲಿಟ್ಟ ಭಾರ ತೂಗಾಡುವುದಿಲ್ಲ. 1905ರಲ್ಲಿ ಸ್ವಿಟ್ಜರ್ಲೆಂಡಿನ ಸೇನೆ ಬಳಕೆಗೆ ತಂದ ಸೈಕಲ್ಲಿನಲ್ಲಿ ಈ ಜಾಗಕ್ಕೆ ಚೀಲ ಕೂರಿಸಲಾಗಿತ್ತು. ದೂರದ ಪ್ರವಾಸ ಹೋಗುವ ಸವಾರರು ಇಂದಿಗೂ ಇಂಥ ಚೀಲವನ್ನು ತಮ್ಮ ಸೈಕಲ್ಲಿನ ಅಳತೆಗೆ ಹೊಲಿಸಿಕೊಳ್ಳುತ್ತಾರೆ. ಸ್ಕೂಟರ್ ಸೀಟಿನ ಹೊದಿಕೆ, ರೆಗ್ಜಿನ್ ಚೀಲ ಹೊಲಿಯುವವರು ನಮ್ಮ ಊರುಗಳಲ್ಲೂ ಇದ್ದಾರೆ. ಅವರಿಗೆ ಸರಿಯಾದ ಅಳತೆ ಕೊಡುವುದು ನಮ್ಮ ಕೆಲಸ.

ತೊಡಕಿರುವುದು ಇಲ್ಲಿಯೇ. ಈ ಜಾಗವನ್ನು ನಾವು ತ್ರಿಕೋನ ಎನ್ನುತ್ತೇವೆ. ಎಣಿಸಿ ನೋಡಿ, ಅದಕ್ಕೆ ನಾಲ್ಕು ಬದಿ: ಮೇಲಿನ ಬಾರ್, ಸೀಟಿನ ಕೆಳಗಿನ ಕೊಳವೆ, ಪೆಡಲಿನತ್ತ ಇಳಿಯುವ ಕೊಳವೆ ಮತ್ತು ಹ್ಯಾಂಡಲ್ಲಿನ ಕೆಳಗಿನ ಗಿಡ್ಡ ಕೊಳವೆ. ಮೂರು ಬದಿಗಳ ಉದ್ದ ಗೊತ್ತಿದ್ದರೆ ತ್ರಿಕೋನದ ಆಕಾರ ನಿಶ್ಚಿತ. ಚತುರ್ಭುಜ ಹಾಗಲ್ಲ. ನಾಲ್ಕು ಕಡ್ಡಿಗಳನ್ನು ಮೊಳೆಯಿಂದ ಜೋಡಿಸಿ ಒತ್ತಿದರೆ ಅದು ವಾಲಿ ಬೇರೆ ಆಕಾರ ತಾಳುತ್ತದೆ. ಆದ್ದರಿಂದ ಟೇಪು ಹಿಡಿದು ನಾಲ್ಕು ಅಳತೆ ಬರೆದುಕೊಟ್ಟರೆ ಚೀಲ ಸೊಟ್ಟಗಾಗಬಹುದು. ಐದನೆಯದಾಗಿ ಒಂದು ಕರ್ಣದ ಅಳತೆಯೂ ಬೇಕು. ಅದಕ್ಕಿಂತ ಸುಲಭ, ರಟ್ಟಿನ ಮಾದರಿ.

ಸೈಕಲ್ಲನ್ನು ನೇರವಾಗಿ ನಿಲ್ಲಿಸಿ. ಹಳೆಯ ಪೆಟ್ಟಿಗೆಯ ರಟ್ಟನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಕೊಳವೆಗಳ ಒಳ ಅಂಚಿನ ಗುಂಟ ಗೆರೆ ಎಳೆದು ಕತ್ತರಿಸಿ. ಸುತ್ತ ಅರ್ಧ ಸೆಂಟಿಮೀಟರ್ ಕಡಿಮೆ ಮಾಡಿ. ತುಂಬಿದ ಚೀಲ ಉಬ್ಬುತ್ತದೆ. ರಟ್ಟು ಬಾಗದೆ ಒಳಗೆ ಕೂರಬೇಕು. ಬ್ರೇಕಿನ ಸರಳು, ತಂತಿ, ಗಾಳಿ ಪಂಪು ಎಲ್ಲಿವೆ ಎಂದು ಅದರ ಮೇಲೆ ಗುರುತಿಸಿ. ಪಟ್ಟಿಗಳು ಅವನ್ನು ಬಿಗಿಯಬಾರದು. ‘ಇದು ಹೊಲಿದಾದ ಮೇಲಿನ ಅಳತೆ’ ಎಂದು ಬರೆಯುವುದನ್ನು ಮರೆಯಬೇಡಿ. ಹೊಲಿಗೆಗೆ ಬೇಕಾದ ಬಟ್ಟೆಯನ್ನು ದರ್ಜಿ ಹೊರಗೆ ಬಿಟ್ಟುಕೊಳ್ಳುತ್ತಾನೆ.

ದಪ್ಪ ಸುಮಾರು 6 ಸೆಂಟಿಮೀಟರ್ ಇದ್ದರೆ ಸಾಕು. ಹೆಚ್ಚಾದರೆ ಮೊಣಕಾಲು ತಗಲುತ್ತದೆ. ಅಷ್ಟು ದಪ್ಪದ ಥರ್ಮೋಕೋಲ್ ಕಟ್ಟಿ ಪೆಡಲ್ ತುಳಿದು ನೋಡಿ. ಮಾದರಿಯ ವಿಸ್ತೀರ್ಣ 900 ಚದರ ಸೆಂಟಿಮೀಟರ್ ಎಂದುಕೊಂಡರೆ ಗಾತ್ರ 5,400 ಘನ ಸೆಂಟಿಮೀಟರ್, ಅಂದರೆ ಐದೂವರೆ ಲೀಟರಿಗೆ ಸ್ವಲ್ಪ ಕಡಿಮೆ. ಎಲ್ಲ ಪುಸ್ತಕಗಳೂ ಹಿಡಿಯಲಾರವು. ನೀರಿನ ಬಾಟಲಿ, ಡಬ್ಬಿ, ಕೆಲವು ನೋಟುಪುಸ್ತಕ ಹಿಡಿಯುತ್ತವೆ. ಬೆನ್ನಿನಿಂದ ಎರಡು ಕಿಲೋ ಇಳಿದರೂ ದೊಡ್ಡದೇ. ಮಳೆಗಾಲದಲ್ಲಿ ಹೊಲಿಗೆಯ ತೂತುಗಳಿಂದ ನೀರು ಇಳಿಯುತ್ತದೆ, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಇರಲಿ.

ಹುಡುಗಿಯರ ಸೈಕಲ್ಲಿಗೆ ಮೇಲಿನ ಬಾರ್ ಇರುವುದಿಲ್ಲ, ಆದ್ದರಿಂದ ಈ ಜಾಗವೂ ಇಲ್ಲ. ಅವರು ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಜೋಡಿ ಚೀಲ ಹೊಲಿಸಬಹುದು. ಅದಕ್ಕೂ ರಟ್ಟಿನ ಮಾದರಿಯೇ ಬೇಕು. ಪೆಡಲ್ ತುಳಿಯುವಾಗ ಹಿಮ್ಮಡಿ ತಾಗದಂತೆ ಚೀಲದ ಮುಂದಿನ ಅಂಚನ್ನು ಓರೆಯಾಗಿ ಕತ್ತರಿಸಿರಬೇಕು.

ಪಾಲಕರಲ್ಲಿ ಒಂದು ಮಾತು. ಅಳತೆ ತೆಗೆಯುವುದು, ದರ್ಜಿಗೆ ವಿವರಿಸುವುದು, ದರ ಕೇಳುವುದು ಮಕ್ಕಳ ಪಾಲಿಗಿರಲಿ. ಪಟ್ಟಿ ಹೊಲಿಯುವ ಮುನ್ನ ಒಮ್ಮೆ ಸೈಕಲ್ಲಿಗೆ ಕೂರಿಸಿ ನೋಡಲು ಹೇಳಿ. ಕೆಲಸ ಮುಗಿದ ಮೇಲೆ ರಟ್ಟನ್ನು ವಾಪಸು ತಂದು ತಾರೀಖು ಬರೆದಿಡಿ. ಚೀಲ ಹರಿದಾಗ ಮತ್ತೆ ಬೇಕಾಗುತ್ತದೆ.