ದುಡಿಯುವವರ ಮೇಲಿನ ಅತಿಭಾರ

ಉದ್ಯಮಿಯೊಬ್ಬರು 2023ರಲ್ಲಿ ತರುಣರು ವಾರಕ್ಕೆ 70 ಗಂಟೆ ದುಡಿಯಲಿ ಎಂದು ಬಯಸಿದರು. 2025ರ ಆರಂಭದಲ್ಲಿ ಇನ್ನೊಬ್ಬರು ಅದನ್ನು 90ಕ್ಕೆ ಏರಿಸಿದರು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತೆಂಬುದನ್ನು ಆ ಗದ್ದಲದಲ್ಲಿ ನೆನೆದವರು ಕಡಿಮೆ. ದೊಡ್ಡ ಕಂಪನಿಗಳ ಮಾತು ಇರಲಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನಮ್ಮವರೇ ನಡೆಸುವ ಅಂಗಡಿ, ಕಚೇರಿ, ಶಾಲೆ, ಬಸದಿಯ ಟ್ರಸ್ಟುಗಳ ಸ್ಥಿತಿ ಹೇಗಿದೆ?

ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಎರಡು ನೇರವಾಗಿ ಯಜಮಾನನನ್ನು ಮುಟ್ಟುತ್ತವೆ: ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಹೊರಲಾರದ ಹೊರೆ ಹೇರುವುದು, ಹೊತ್ತಿಗೆ ಉಣ್ಣಗೊಡದಿರುವುದು. ಪ್ರವಚನಗಳಲ್ಲಿ ಇವನ್ನು ಎತ್ತು, ಕುದುರೆಗಳ ದೃಷ್ಟಾಂತದಿಂದ ವಿವರಿಸಿ ಮುಂದೆ ಸಾಗುತ್ತೇವೆ. ನಗರದ ಶ್ರಾವಕನ ಬಳಿ ಎತ್ತುಗಳಿಲ್ಲ, ಗುಮಾಸ್ತನಿದ್ದಾನೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಲೆಂದು ಮಾಲೀಕರು ಮನೆಗೆ ತೆರಳುತ್ತಾರೆ. ಅದೇ ವ್ರತ ಪಾಲಿಸುವ ಗುಮಾಸ್ತ ರಾತ್ರಿ ಒಂಬತ್ತರವರೆಗೆ ಗಲ್ಲಾ ಕಾಯುತ್ತ ಹಸಿದಿರುತ್ತಾನೆ. ದಶಲಕ್ಷಣ ಪರ್ವದಲ್ಲೂ ಇದೇ ಕಥೆ. ಇದಕ್ಕೆ ಪ್ರಾಯಶ್ಚಿತ್ತ ಗ್ರಂಥಗಳನ್ನು ತಿರುವಬೇಕಿಲ್ಲ; ಅಂಗಡಿಯ ವೇಳಾಪಟ್ಟಿ ತಿದ್ದಿದರೆ ಸಾಕು.

ಇಂಥ ಕಡೆಯೇ "ಹುಡುಗರು ಮನಸ್ಸಿಟ್ಟು ದುಡಿಯುವುದಿಲ್ಲ, ಹೊಸದೇನನ್ನೂ ಯೋಚಿಸುವುದಿಲ್ಲ" ಎಂಬ ಆಕ್ಷೇಪ ಹೆಚ್ಚಾಗಿ ಕೇಳಿಬರುತ್ತದೆ. ಹೇಳುವವರು ಕರ್ಮವೀರ ಭಾವುರಾವ್ ಪಾಟೀಲರ ಬದುಕನ್ನು ಒಮ್ಮೆ ನೋಡಲಿ. 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿ, ಕಿರ್ಲೋಸ್ಕರ್ ನೇಗಿಲುಗಳನ್ನು ಮಾರುತ್ತ ಹಳ್ಳಿಹಳ್ಳಿ ಸುತ್ತಿದವರು ಅವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿದರು. 1924ರಲ್ಲಿ ಸಾತಾರಾದಲ್ಲಿ ವಿದ್ಯಾರ್ಥಿ ನಿಲಯ ತೆರೆದರು. ಎಲ್ಲ ಜಾತಿಯ ಬಾಲಕರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಂಡರು, ಹೊಲದಲ್ಲಿ ದುಡಿದರು, ದುಡಿದೇ ಕಲಿತರು. 1927ರಲ್ಲಿ ಗಾಂಧೀಜಿ ಅದಕ್ಕೆ ಶಾಹು ಮಹಾರಾಜರ ಹೆಸರಿಟ್ಟರು. ತಾನು ಬೆವರು ಸುರಿಸಿದ ಹೊಲ ತನ್ನದೆಂದು ಬಾಲಕನಿಗೆ ಅನ್ನಿಸಿದ್ದೇ ಆ ಸಂಸ್ಥೆಯ ನಿಜವಾದ ಮೂಲಧನವೆಂದು ನಮ್ಮ ಅಭಿಪ್ರಾಯ.

ಆದರೆ ಎಚ್ಚರ ಬೇಕು. ಭಾವುರಾವ್ ಅವರ ಹೆಸರು ಹೇಳಿ, "ಇದು ಸೇವೆ" ಎಂದು ಅರೆ ಸಂಬಳ ಕೊಡುವ ಟ್ರಸ್ಟುಗಳೂ ಹುಟ್ಟಿಕೊಂಡಾವು. ಸಾತಾರಾದಲ್ಲಿ ತ್ಯಾಗ ಮೊದಲು ನಡೆದದ್ದು ಮುಖ್ಯಸ್ಥನ ಮನೆಯಲ್ಲಿ: ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿ ಮಂಗಳಸೂತ್ರವನ್ನೂ ಮಾರಿದರು. ಅಷ್ಟನ್ನು ಯಾರೂ ಕೇಳುತ್ತಿಲ್ಲ. ನೌಕರನ ಸಂಬಳ ತಡವಾದ ತಿಂಗಳು ಅಧ್ಯಕ್ಷರ ಸನ್ಮಾನ ಸಮಾರಂಭವೂ ಮುಂದಕ್ಕೆ ಹೋದರೆ ಸಾಕು!

ಇನ್ನು ಅನೇಕಾಂತ. ವೇದಿಕೆಯಲ್ಲಿ ಅದನ್ನು ಜಗತ್ತಿಗೆ ನಮ್ಮ ಕೊಡುಗೆಯೆಂದು ಹೊಗಳುತ್ತೇವೆ. ಕಾರ್ಯಕಾರಿ ಸಮಿತಿಯಲ್ಲಿ ನಡೆಯುವುದು ಅಧ್ಯಕ್ಷರ ಒಂದೇ ನಯ. ಅನ್ನ ಎಲ್ಲಿ ಪೋಲಾಗುತ್ತದೆಂದು ವಿದ್ಯಾರ್ಥಿ ನಿಲಯದ ಅಡುಗೆಯವರಿಗೆ ಗೊತ್ತು, ಗಿರಾಕಿ ಏಕೆ ಮರಳಿ ಬರಲಿಲ್ಲವೆಂದು ಅಂಗಡಿಯ ಹುಡುಗನಿಗೆ ಗೊತ್ತು. ಅವರನ್ನು ಕೇಳಿದವರು ಯಾರು? ಒಮ್ಮೆ ಹೇಳಿ ಬೈಸಿಕೊಂಡವನು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ.

ನಮ್ಮ ಸಂಘಗಳ ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರು ಎದ್ದು ನಿಂತು ಕಾರ್ಯದರ್ಶಿಯನ್ನು ಕೇಳಲಿ: ನಮ್ಮ ನೌಕರರಿಗೆ ವಾರದ ರಜೆ ಇದೆಯೇ? ಲಿಖಿತ ವೇತನಪತ್ರ, ಭವಿಷ್ಯನಿಧಿ ಇದೆಯೇ? ಪದಾಧಿಕಾರಿಗಳ ಭಯವಿಲ್ಲದೆ ಅವರು ಮಾತನಾಡುವ ಸಭೆ ವರ್ಷಕ್ಕೊಮ್ಮೆಯಾದರೂ ನಡೆಯುತ್ತದೆಯೇ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.