ಬಿಟ್ಟು ಏಳಬಹುದಾಗಿದ್ದ ಆಟಗಳು



ಮಕ್ಕಳ ಕೈಯಿಂದ ಮೊಬೈಲು ಬಿಡಿಸುವುದೇ ಇಂದು ಮನೆ ಮನೆಯ ಜಗಳವಾಗಿದೆ. ಆ ಜಗಳದಲ್ಲಿ ತಾಯಿ-ತಂದೆಯರು ಗಣಕಯಂತ್ರದ ಆಟಗಳೆಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ದೂರುವುದನ್ನು ನಾವು ಕೇಳುತ್ತಲೇ ಇದ್ದೇವೆ. ದೂರು ಸಕಾರಣವೇ ಸರಿ. ಆದರೆ ಈ ಆಟಗಳು ಹುಟ್ಟಿನಿಂದಲೇ ಹೀಗಿರಲಿಲ್ಲ. ಇಂಟರ್‌ನೆಟ್ಟಿನ ಮೊದಲ ಹತ್ತು ವರ್ಷಗಳಲ್ಲಿ ಜನ ಆಡಿದ ಸಣ್ಣಪುಟ್ಟ ಆಟಗಳ ವಿಚಾರವನ್ನು ಈ ತಿಂಗಳು ತಮ್ಮ ಮುಂದಿಡಬಯಸುತ್ತೇವೆ.

ಇಂಟರ್‌ನೆಟ್ಟು ಮನೆಗಳಿಗೆ ಬರುವ ಮೊದಲೇ ಒಂದು ಆಟ ಕಚೇರಿಗಳನ್ನು ಹೊಕ್ಕಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು 1990ರಲ್ಲಿ ಹೊರತಂದ ವಿಂಡೋಸ್ 3.0 ಜೊತೆಗೆ ಸಾಲಿಟೇರ್ ಎಂಬ ಒಬ್ಬರೇ ಆಡುವ ಇಸ್ಪೀಟಿನ ಆಟವನ್ನು ಇರಿಸಿ ಕೊಟ್ಟಿತು. ಅದನ್ನು ರಚಿಸಿದವರು ಆ ಸಂಸ್ಥೆಗೆ ತರಬೇತಿಗೆಂದು ಬಂದಿದ್ದ ವೆಸ್ ಚೆರಿ ಎಂಬ ತರುಣ. ಎಲೆಗಳ ಚಿತ್ರ ಬರೆದವರು ಸೂಸನ್ ಕೇರ್. ಮೌಸನ್ನು ಒತ್ತಿ ಹಿಡಿದು ಎಳೆದು ಇಡುವ ಕ್ರಿಯೆ ಜನರಿಗೆ ಹೊಸದಾಗಿದ್ದ ಕಾಲದಲ್ಲಿ, ಎಷ್ಟೋ ಗುಮಾಸ್ತರ ಕೈ ಪಳಗಿದ್ದು ಈ ಎಲೆಗಳಿಂದಲೇ. ಜಗತ್ತಿನ ಮೂಲೆ ಮೂಲೆಗೂ ಹೋದ ಆ ಆಟಕ್ಕಾಗಿ ಚೆರಿಯವರಿಗೆ ರಾಯಧನವೆಂದು ಒಂದು ಕಾಸೂ ಸಲ್ಲಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಮುಂದೆ 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಶೋಧನ ಸಂಸ್ಥೆಯು ಜಾಲಪುಟಗಳ ತಂತ್ರವನ್ನು ಸರ್ವರಿಗೂ ಮುಕ್ತಗೊಳಿಸಿತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಈ ಸೌಲಭ್ಯ ತೆರೆಯಿತು. ಎಲ್ಲವೂ ದೂರವಾಣಿಯ ತಂತಿಯ ಮೇಲೆ ಬರಬೇಕು. ಮೋಡೆಮ್ ಎಂಬ ಪೆಟ್ಟಿಗೆ ಕಿರುಗುಟ್ಟಿ ಸಂಪರ್ಕ ಹಿಡಿದರೆ ಮನೆಯ ಫೋನು ಅಷ್ಟು ಹೊತ್ತೂ ಎಂಗೇಜ್. ವೇಗವಾದರೂ ಎಷ್ಟು? 56 ಕಿಲೋಬಿಟ್ಟಿನ ಮೋಡೆಮ್‌ನಲ್ಲಿ ಇಂದಿನ ಒಂದು ಸಾಧಾರಣ ಛಾಯಾಚಿತ್ರ ಇಳಿಯಲು ಹಲವು ನಿಮಿಷಗಳೇ ಬೇಕು. ಇಂಥ ಸಪೂರ ದಾರಿಯಲ್ಲಿ ಕುಣಿಯುವ ಚಿತ್ರಗಳ ಆಟ ಬರುವುದೆಂತು?

ಉಪಾಯವೊಂದು ಅಮೆರಿಕದಿಂದ ಬಂತು. ಜೊನಾಥನ್ ಗೇ ಮತ್ತು ಅವರ ಸಂಗಡಿಗರು 1996ರಲ್ಲಿ ಚಿತ್ರಚಲನೆಯ ತಂತ್ರಾಂಶವೊಂದನ್ನು ಹೊರತಂದರು. ಅದನ್ನು ಮ್ಯಾಕ್ರೋಮೀಡಿಯ ಸಂಸ್ಥೆ ಕೊಂಡು ಫ್ಲಾಶ್ ಎಂದು ಹೆಸರಿಟ್ಟಿತು. ಇದರ ಗುಟ್ಟನ್ನು ನಮ್ಮ ತಾಯಂದಿರಿಗೆ ವಿವರಿಸುವುದು ಬಹು ಸುಲಭ. ಅಂಗಳದ ರಂಗೋಲಿಯನ್ನು ದೂರದ ಅಕ್ಕನಿಗೆ ತಿಳಿಸಬೇಕಾದರೆ ಪುಡಿಯ ಕಣಕಣವನ್ನೂ ಎಣಿಸಿ ಬರೆದು ಕಳಿಸುವವರುಂಟೇ? “ಹದಿನೈದು ಚುಕ್ಕಿ, ಎಂಟಕ್ಕೆ ನಿಲ್ಲಿಸಿ” ಎಂದು ಹೇಳಿ, ಎಲ್ಲಿಂದೆಲ್ಲಿಗೆ ಗೆರೆ ಎಳೆಯಬೇಕೆಂದರೆ ಸಾಕು, ಅಕ್ಕ ಅಲ್ಲಿಯೇ ಬಿಡಿಸಿಕೊಳ್ಳುತ್ತಾಳೆ. ಫ್ಲಾಶ್ ಮಾಡಿದ್ದೂ ಅದನ್ನೇ. ಚಿತ್ರವನ್ನು ಕಳಿಸದೆ, ಗೆರೆ ಮತ್ತು ಬಣ್ಣಗಳ ಸೂಚನೆಯನ್ನಷ್ಟೇ ಕಳಿಸಿತು; ಬಿಡಿಸುವ ಕೆಲಸ ಆಡುವವರ ಗಣಕಯಂತ್ರದ ಪಾಲಿಗೆ ಬಂತು. ಹೀಗೆ ಇಡಿಯ ಆಟವೊಂದು ಹಗುರಾಗಿ ಬಂದಿಳಿಯಿತು. ಕಾಲೇಜಿನ ಹುಡುಗನೊಬ್ಬ ರಜೆಯಲ್ಲಿ ಮಾಡಿದ ಆಟವನ್ನೂ ಪರದೇಶದವರು ಆಡುವಂತಾಯಿತು. ಟಾಮ್ ಫಲ್ಪ್ ನಡೆಸುತ್ತಿದ್ದ ನ್ಯೂಗ್ರೌಂಡ್ಸ್ ತಾಣದಲ್ಲಿ ಇಂಥ ಹವ್ಯಾಸಿಗಳದೇ ಜಾತ್ರೆ. ಅಲ್ಲಿನ ಎಲ್ಲವೂ ಮಕ್ಕಳು ನೋಡತಕ್ಕವಾಗಿರಲಿಲ್ಲ, ಅದು ಬೇರೆ ಮಾತು.

2001ರಲ್ಲಿ ಪಾಪ್‌ಕ್ಯಾಪ್ ಎಂಬ ಪುಟ್ಟ ಸಂಸ್ಥೆಯ ಬಿಜ್ಯೂವೆಲ್ಡ್ ಮನೆಮಾತಾಯಿತು. ಎಂಟು ಸಾಲು, ಎಂಟು ಕಂಬ; ಮನೆಗೊಂದು ಬಣ್ಣದ ಹರಳು. ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ ಒಂದೇ ಬಗೆಯ ಮೂರನ್ನು ಸಾಲುಗೂಡಿಸಿದರೆ ಅವು ಮಾಯವಾಗಿ ಮೇಲಿನಿಂದ ಬೇರೆ ಹರಳುಗಳು ಉದುರುತ್ತವೆ. ಆಟವೆಂದರೆ ಹುಡುಗರ ಹೊಡೆದಾಟವೆಂದು ತಿಳಿದಿದ್ದವರ ಎದುರೇ ನಡುವಯಸ್ಸಿನ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇದನ್ನು ಆಡಿದರು. ನಮಗೆ ಮುಖ್ಯವಾಗಿ ತೋರುವುದು ಬೇರೆಯೇ ಇದೆ. ಕೂಡಿಸಲು ಮೂರು ಹರಳು ಸಿಗದ ಸ್ಥಿತಿ ಬಂದರೆ ಆಟ ಮುಗಿಯಿತು. ಮುಗಿದ ಮೇಲೆ ಎದ್ದು ಹೋಗಬಹುದು. ಜಾಲಪುಟದಲ್ಲಿ ಆಡಲು ಹಣವಿಲ್ಲ. ಇನ್ನೂ ಚೆಂದದ ಪ್ರತಿ ತನ್ನದೇ ಆಗಿರಲೆಂಬವರು 20 ಡಾಲರನ್ನು ಒಮ್ಮೆ ತೆತ್ತರೆ ಲೆಕ್ಕ ಚುಕ್ತಾ.

ಇದೇ ಕುಲದ ಕ್ಯಾಂಡಿ ಕ್ರಷ್ 2012ರಲ್ಲಿ ಬಂತು. ಮೂರು ಕೂಡಿಸುವ ಆಟ ಹಾಗೆಯೇ ಇದೆ, ವ್ಯವಹಾರ ಮಾತ್ರ ತಿರುಗುಮುರುಗು. ಆಡುವವರಿಗೆ ಐದು ಜೀವ; ಸೋತಂತೆ ಜೀವ ಕಳೆಯುತ್ತದೆ; ಕಳೆದುದೊಂದು ಮರಳಲು ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ಕೊಡಬೇಕು. ಮಟ್ಟಗಳೋ ಸಾವಿರ ಸಾವಿರ, ಹೊಸವು ಸೇರುತ್ತಲೇ ಇರುತ್ತವೆ. ಮಗುವಿಗೆ ಹಟವೆಂದು ನಾವು ಬೈಯುವಾಗ, ಆ ಹಟವನ್ನು ಅಳೆದು ಸುರಿದು ಹೊಲಿದವರು ದೂರದಲ್ಲಿ ಕುಳಿತಿದ್ದಾರೆಂಬುದು ನೆನಪಿರಬೇಕು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೇಳುವವರು ನಾವಲ್ಲ. ಆಡಮ್ ಪಾವೆಲ್ ಮತ್ತು ಡೋನಾ ವಿಲಿಯಮ್ಸ್ ಎಂಬ ಬ್ರಿಟಿಷ್ ಜೋಡಿ 1999ರ ನವೆಂಬರ್ 15ರಂದು ಆರಂಭಿಸಿದ ನಿಯೋಪೆಟ್ಸ್ ಅನ್ನು ನೋಡಿ. ಮಗು ಒಂದು ಕಾಲ್ಪನಿಕ ಪ್ರಾಣಿಯನ್ನು ಸಾಕಬೇಕು, ಉಣಿಸಬೇಕು, ಸಣ್ಣ ಆಟಗಳಲ್ಲಿ ಗೆದ್ದು ಅದರ ಖರ್ಚನ್ನು ದುಡಿಯಬೇಕು. ಎಷ್ಟು ದಿನ ಮರೆತರೂ ಪ್ರಾಣಿ ಹಸಿದಿರುತ್ತದೆಯೇ ಹೊರತು ಸಾಯುವುದಿಲ್ಲ. ಈ ಕರುಣೆ ನಮಗೆ ಬಹಳ ಹಿಡಿಸಿತು. ತಮ್ಮ ಪ್ರಾಣಿಯ ಪುಟವನ್ನು ಸಿಂಗರಿಸಲು ಹೋಗಿ ಜಾಲಪುಟ ಬರೆಯುವ ವಿದ್ಯೆಯನ್ನೇ ಕಲಿತ ಹೆಣ್ಣುಮಕ್ಕಳು ಅನೇಕರು. ಆದರೆ ತಿಂಡಿ, ಗೊಂಬೆ ಮಾರುವ ಸಂಸ್ಥೆಗಳ ಜಾಹೀರಾತನ್ನು ಆಟದೊಳಗೇ ಬೆರೆಸಿ ಮಕ್ಕಳಿಗೆ ಉಣಿಸಿದ್ದೂ ಅದೇ ತಾಣ. 2005ರಲ್ಲಿ ವಯಾಕಾಮ್ ಸಂಸ್ಥೆ ಅದನ್ನು 16 ಕೋಟಿ ಡಾಲರಿಗೆ ಕೊಂಡಿತು. ಮಕ್ಕಳ ಗಮನಕ್ಕೆ ಎಷ್ಟು ಬೆಲೆಯಿದೆಯೆಂಬುದು ವರ್ತಕರಿಗೆ ಅಂದೇ ತಿಳಿದಿತ್ತು.

ಅಷ್ಟೊಂದು ಆಟಗಳು ಇಂದೇಕೆ ಕಾಣವು? ಅವೆಲ್ಲ ನಿಂತಿದ್ದುದು ಒಂದು ಸಂಸ್ಥೆಯ ಒಂದು ಉಪಕರಣದ ಮೇಲೆ. ಅಳಗುಳಿ ಮಣೆ ಮಾಡಿದ ಬಡಗಿ ಅಂಗಡಿ ಮುಚ್ಚಿದರೂ ಅಜ್ಜಿಯ ಮಣೆ ಅಟ್ಟದ ಮೇಲೆ ಇದ್ದೇ ಇರುತ್ತದೆ. ಫ್ಲಾಶ್ ಆಟಕ್ಕೆ ಆ ಭಾಗ್ಯವಿರಲಿಲ್ಲ. ಮ್ಯಾಕ್ರೋಮೀಡಿಯವನ್ನು 2005ರಲ್ಲಿ ಅಡೋಬಿ ಸಂಸ್ಥೆ ಕೊಂಡಿತು. ಕಳ್ಳರು ನುಸುಳುವ ಕಿಂಡಿಗಳು ಫ್ಲಾಶ್‌ನಲ್ಲಿ ಹೆಚ್ಚಾದವು; ಆಪಲ್ ಸಂಸ್ಥೆ ಅದನ್ನು ತನ್ನ ಫೋನುಗಳಿಗೆ ಸೇರಿಸಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕೈಬಿಟ್ಟಿತು. 2021ರ ಜನವರಿ 12ರಿಂದ ಫ್ಲಾಶ್ ತಾನಾಗಿಯೇ ಆಟಗಳನ್ನು ತೆರೆಯಲು ನಿರಾಕರಿಸುವಂತೆ ಏರ್ಪಾಡಾಗಿತ್ತು.

ಈ ದಿನವನ್ನು ಮುಂಗಂಡವರೂ ಇದ್ದರು. ಆಸ್ಟ್ರೇಲಿಯದ ಬೆನ್ ಲ್ಯಾಟಿಮೋರ್ ಎಂಬುವರು ಆರಂಭಿಸಿದ ಫ್ಲಾಶ್‌ಪಾಯಿಂಟ್ ಯೋಜನೆಯಲ್ಲಿ ಸ್ವಯಂಸೇವಕರು ಲಕ್ಷಕ್ಕೂ ಮಿಕ್ಕಿದ ಆಟಗಳನ್ನು ಹೆಕ್ಕಿ ಕೂಡಿಟ್ಟಿದ್ದಾರೆ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 2020ರ ನವೆಂಬರಿನಿಂದ ರಫಲ್ ಎಂಬ ತಂತ್ರಾಂಶದ ನೆರವಿನಿಂದ ಇಂಥ ಆಟಗಳನ್ನು ತನ್ನ ತಾಣದಲ್ಲಿಯೇ ಆಡಲು ಇರಿಸಿದೆ. ಎರಡಕ್ಕೂ ಹಣ ಕೊಡಬೇಕಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ತೆತ್ತು ಆಡಿದ ತಂದೆ-ತಾಯಿಯರು ಇಂದು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ್ನು ತೋರಿಸಬಹುದು.

ಉಳಿಸಲಾಗದವೂ ಇವೆ. ಯಾಹೂ ಸಂಸ್ಥೆಯು 1998ರಲ್ಲಿ ತೆರೆದ ಆಟದ ಮನೆಯಲ್ಲಿ ಹುಬ್ಬಳ್ಳಿಯಲ್ಲಿ ಕುಳಿತವರು ಚಿಕಾಗೋದವರೊಡನೆ ಚದುರಂಗ ಆಡಬಹುದಾಗಿತ್ತು. ನಡೆ ಒಯ್ದು ತರುವ ಗಣಕಯಂತ್ರಗಳು ಯಾಹೂವಿನ ವಶದಲ್ಲಿದ್ದವು. 2014ರಲ್ಲಿ ಆ ಹಳೆಯ ಕೊಠಡಿಗಳನ್ನು ಅದು ಮುಚ್ಚಿತು. ಚದುರಂಗದ ಮಣೆಯನ್ನು ಬೇರೆ ಯಾರೂ ಬಿಡಿಸಬಲ್ಲರು. ಎದುರಿಗೆ ಕುಳಿತಿದ್ದ ಆ ಅಪರಿಚಿತರನ್ನು ಮತ್ತೆ ಹುಡುಕಲು ವಿಳಾಸವೇ ಉಳಿದಿಲ್ಲ.